ಎಡಗಡೆ ಬಿದ್ದ ಎಸಳು

ದೇವರ ಪೂಜೆ ಮಾಡುತ್ತಿದ್ದವನೇ ದೇವರನ್ನು ನಂಬುತ್ತಿರಲಿಲ್ಲ ಎಂದರೆ ಓದುವವರಿಗೆ ಸಿಟ್ಟು ಬರಬಹುದು. ಆದರೆ ಅದು ನಿಜ. ನಮ್ಮೂರು ಮಂಕಿಯ ಕೇರಿಯಲ್ಲಿರುವ ಜಟಗ ದೇವರ ಕಲ್ಲಿಗೆ ಮೊದಲಿನಿಂದಲೂ ನಮ್ಮ ಮನೆಯವರೇ ಪೂಜೆ ಮಾಡಿಕೊಂಡು ಬಂದವರು. ಅಪ್ಪ ತೀರಿಕೊಂಡ ಮೇಲೆ ಹಿರಿಯ ಮಗನಾದ ನನಗೆ ಆ ಕೆಲಸ ಬಂತು. ನಾನು ಎಸ್ಸೆಸ್ಸೆಲ್ಸಿ ಓದಿದವನು. ಹೊನ್ನಾವರದ ಒಂದು ತೆಂಗಿನಕಾಯಿ ವಖಾರಿಯಲ್ಲಿ ಕಾಯಿ ಆರಿಸಿ ಲಾರಿಗೆ ತುಂಬಿಸುವ ಕೆಲಸಕ್ಕಿದ್ದೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಕಲ್ಲಿಗೆ ನೀರೆರೆದು, ಹೂವಿಟ್ಟು, ಊದುಬತ್ತಿ ಹಚ್ಚಿ, ಬಸ್ಸು ಹತ್ತುತ್ತಿದ್ದೆ. ಹಲ್ಲುಜ್ಜಿದ ಹಾಗೆ ಅದೂ ಒಂದು ಕೆಲಸ, ಅಷ್ಟೆ.

ನಮ್ಮ ಕಡೆ ಯಾವ ದೊಡ್ಡ ಕೆಲಸಕ್ಕೂ ಮೊದಲು ದೇವರ ಹತ್ತಿರ ಪ್ರಸಾದ ಕೇಳುವುದು ರೂಢಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ದಾಸವಾಳದ ಎಸಳನ್ನು ನೀರಿನಲ್ಲಿ ಅದ್ದಿ ದೇವರ ಕಲ್ಲಿನ ಬಲಗಡೆಗೊಂದು, ಎಡಗಡೆಗೊಂದು ಅಂಟಿಸುತ್ತಾರೆ. ಕೇಳಬೇಕಾದ್ದನ್ನು ಗಟ್ಟಿಯಾಗಿ ಕೇಳಿ, ಕೈಮುಗಿದು ಕಾಯುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ದೇವರ ಒಪ್ಪಿಗೆ. ಎಡಗಡೆಯದು ಬಿದ್ದರೆ ಬೇಡ ಎಂದು ಅರ್ಥ. ಮದುವೆ, ಬಾವಿ ತೋಡುವುದು, ಹೊಸ ದೋಣಿ ನೀರಿಗಿಳಿಸುವುದು, ಗಲ್ಫಿಗೆ ಹೋಗುವುದು, ಎಲ್ಲದಕ್ಕೂ ಇದೇ.

ಎಸಳು ಅಂಟಿಸುವ ಕೈ ನನ್ನದು. ವರ್ಷಗಟ್ಟಲೆ ಅಂಟಿಸಿದವನಿಗೆ ಅದರ ಗುಟ್ಟು ತಿಳಿಯದೆ ಇರುತ್ತದೆಯೇ? ನೀರು ಹೆಚ್ಚಾದರೆ ಎಸಳು ಬೇಗ ಜಾರುತ್ತದೆ. ಹದವಾಗಿ ಒತ್ತಿದರೆ ತಡೆದು ಬೀಳುತ್ತದೆ. ಬೆನ್ನಿಗೆ ಚೂರು ಗಂಧ ಸವರಿದರೆ ಸಂಜೆಯವರೆಗೂ ಕದಲುವುದಿಲ್ಲ. ಇದನ್ನು ನಾನು ಕೆಲವು ಸಲ ಬಳಸಿದ್ದೂ ಉಂಟು. ಬಡವರ ಮನೆಯ ಹುಡುಗಿಗೆ ಒಳ್ಳೆಯ ಸಂಬಂಧ ಬಂದು, ತಾಯಿ ನಡುಗುತ್ತಾ ನಿಂತಿದ್ದರೆ ಬಲಗಡೆಯ ಎಸಳಿಗೆ ಒಂದು ಹನಿ ನೀರು ಹೆಚ್ಚು ಸೇರಿಸುತ್ತಿದ್ದೆ. ಉಪಕಾರ ಮಾಡಿದೆ ಎಂದುಕೊಳ್ಳುತ್ತಿದ್ದೆ. ಮಾತಾಡುವುದು ಕಲ್ಲಲ್ಲ, ನನ್ನ ಬೆರಳು ಎಂದು ಒಳಗೊಳಗೇ ನಗುತ್ತಿದ್ದೆ ಕೂಡ.

ಜಟ್ಟಪ್ಪ ನನ್ನ ಒಬ್ಬನೇ ತಮ್ಮ. ಈ ದೇವರ ಹೆಸರನ್ನೇ ಅಪ್ಪ ಅವನಿಗೆ ಇಟ್ಟಿದ್ದು. ಭಟ್ಕಳಕ್ಕೂ ಹೊನ್ನಾವರಕ್ಕೂ ನಡುವೆ ಬಾಡಿಗೆ ಟೆಂಪೋ ಓಡಿಸುತ್ತಿದ್ದ. ಬಾಯಿ ಸುಮ್ಮನಿರದ ಮನುಷ್ಯ. ಭಟ್ಕಳ ಪೇಟೆಯಲ್ಲಿ ನಿಂತರೆ ಅಲ್ಲಿನ ಮುಸ್ಲಿಮರ ನವಾಯತಿ ಮಾತು, ಹೊನ್ನಾವರದ ಮೀನುಪೇಟೆಯಲ್ಲಿ ನಿಂತರೆ ಕೊಂಕಣಿ. ಮೀನು ಮಾರುವ ಹೆಂಗಸರು ಬುಟ್ಟಿ ಏರಿಸುವಾಗ ಅವನ ಹತ್ತಿರ ಬೈಸಿಕೊಂಡು, ತಾವೂ ನಾಲ್ಕು ಬೈದು, ಆಮೇಲೆ ಬುಟ್ಟಿಯಿಂದ ಎರಡು ಬಂಗಡೆ ತೆಗೆದು ಅವನ ಸೀಟಿನ ಕೆಳಗೆ ಇಟ್ಟು ಹೋಗುತ್ತಿದ್ದರು. ಇಂಥವನಿಗೆ ಕಾಲು ಬಾತುಕೊಳ್ಳಲು ಶುರುವಾಯಿತು. ಕೂತು ಕೂತು ಆದದ್ದು ಎಂದು ಸುಮ್ಮನಿದ್ದ. ಮುಖವೂ ಬಾತ ಮೇಲೆ ತೋರಿಸಿದರೆ ಎರಡೂ ಕಿಡ್ನಿ ಹೋಗಿವೆ ಎಂದರು.

ವಾರಕ್ಕೆ ಎರಡು ಸಲ ತಾಲೂಕಾಸ್ಪತ್ರೆಯಲ್ಲಿ ಡಯಾಲಿಸಿಸ್. ಅಲ್ಲಿಯೂ ಅವನ ಬಾಯಿ ನಿಲ್ಲಲಿಲ್ಲ. ಪಕ್ಕದ ಮಂಚಕ್ಕೆ ಬರುತ್ತಿದ್ದ ಭಟ್ಕಳದ ಒಬ್ಬ ಮುದುಕರ ಹತ್ತಿರ, "ಸಾಹೇಬ್ರೇ, ನಮ್ಮ ಎಂಜಿನ್ನು ಸರಿ ಅದೆ. ಫಿಲ್ಟರ್ ಒಂದು ಹೋಗ್ಯದೆ ಅಷ್ಟೆ" ಎನ್ನುತ್ತಿದ್ದ. ಆ ಮುದುಕರು ನಕ್ಕು ನಕ್ಕು ಕೈಯ ಸೂಜಿ ಅಲುಗಿ ನರ್ಸಮ್ಮನ ಹತ್ತಿರ ಇಬ್ಬರೂ ಬೈಸಿಕೊಳ್ಳುತ್ತಿದ್ದರು.

ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಮನೆಯವರು ಯಾರಾದರೂ ಕಿಡ್ನಿ ಕೊಟ್ಟರೆ ಇನ್ನೂ ಬಹಳ ಕಾಲ ಬದುಕಬಹುದು ಎಂದರು. ಅವನ ಹೆಂಡತಿ ಲಲಿತಾ ತಾನು ಕೊಡುತ್ತೇನೆ ಎಂದು ಮುಂದೆ ಬಂದಳು. ಅವಳ ರಕ್ತದ ಗುಂಪೇ ಬೇರೆ. ಮಗಳಿನ್ನೂ ಶಾಲೆಗೆ ಹೋಗುವವಳು. ಉಳಿದವನು ನಾನು. ಪರೀಕ್ಷೆ ಮಾಡಿದರು. ಹೊಂದುತ್ತದೆ ಎಂದರು. ಲಲಿತಾ ಆಸ್ಪತ್ರೆಯ ಪಡಸಾಲೆಯಲ್ಲಿ ಜನ ನೋಡುತ್ತಿದ್ದಾರೆ ಎನ್ನುವುದನ್ನೂ ಲೆಕ್ಕಿಸದೆ ನನ್ನ ಕಾಲಿಗೆ ಬಿದ್ದಳು. ಜಟ್ಟಪ್ಪ ಮಾತ್ರ ಗಾಲಿ ಕುರ್ಚಿಯಲ್ಲಿ ಕೂತು, "ಅಣ್ಣಂದು ಹಳೇ ಮಾಡೆಲ್ಲು. ಆದ್ರೂ ಒರಿಜಿನಲ್ ಪಾರ್ಟು, ಅಡ್ಡಿಲ್ಲ" ಎಂದ. ನಾನೂ ನಕ್ಕೆ. ನಗುತ್ತಲೇ ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ನೋಡಿದೆ.

ಹೆದರಿಕೆ. ಅದಕ್ಕಿಂತ ಬೇರೆ ಯಾವ ಕಾರಣವೂ ಇರಲಿಲ್ಲ. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ, ಜಾಗದ ತಕರಾರಿರಲಿಲ್ಲ. ಇದ್ದಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ವಖಾರಿಯಲ್ಲಿ ಕಾಯಿ ಸುಲಿಯುವ ಕಬ್ಬಿಣದ ಮೊನೆ ಕಂಡರೆ ಸೊಂಟದ ಪಕ್ಕ ಕೈ ಹೋಗುತ್ತಿತ್ತು. ಆಪರೇಷನ್ ಮೇಜಿನ ಮೇಲೆ ಮಲಗಿದವನು ಏಳದೇ ಹೋದರೆ? ಉಳಿದ ಒಂದೂ ಕೆಟ್ಟರೆ? ನನಗೆ ಯಾರು ಕೊಡುತ್ತಾರೆ?

ಆಸ್ಪತ್ರೆಯ ಡಾಕ್ಟರಮ್ಮ, ನನಗೆ ಮಗಳಾಗುವ ವಯಸ್ಸಿನವರು, ನನ್ನೊಬ್ಬನನ್ನೇ ಒಳಗೆ ಕೂರಿಸಿಕೊಂಡು ಮಾತಾಡಿದ್ದರು. "ನಿಮಗೆ ಮನಸ್ಸಿಲ್ಲದಿದ್ದರೆ ಯಾವಾಗ ಬೇಕಾದರೂ ಹೇಳಬಹುದು. ಮನೆಯವರಿಗೆ ನಾವು ಕಾರಣ ಹೇಳುವುದಿಲ್ಲ, ನಿಮ್ಮಿಂದ ಆಗುವುದಿಲ್ಲ ಎಂದಷ್ಟೇ ಹೇಳುತ್ತೇವೆ" ಎಂದಿದ್ದರು. ಎಷ್ಟು ಸುಲಭದ ದಾರಿ! ಆದರೆ ಆ ಹುಡುಗಿಯ ಮುಖ ನೋಡಿಕೊಂಡು ನನಗೆ ಹೆದರಿಕೆ ಎಂದು ಹೇಳಲು ನಾಚಿಕೆಯಾಯಿತು. "ಛೇ, ನನ್ನ ತಮ್ಮನಲ್ಲವಾ?" ಎಂದು ಎದೆ ಉಬ್ಬಿಸಿ ಎದ್ದು ಬಂದೆ. ಮನುಷ್ಯರ ಮುಂದೆ ಹೇಳಲಾಗದ್ದನ್ನು ಕಲ್ಲಿನ ಬಾಯಲ್ಲಿ ಹೇಳಿಸಿದರಾಯಿತು ಎಂದು ಬಸ್ಸಿನಲ್ಲಿ ಬರುವಾಗಲೇ ಯೋಚಿಸಿಟ್ಟುಕೊಂಡೆ.

ಪ್ರಸಾದ ಕೇಳಿಯೇ ಮುಂದುವರಿಯುವ ಎಂದು ಹೇಳಿದವನು ನಾನೇ. ಯಾರಿಗೂ ಅನುಮಾನ ಬರಲಿಲ್ಲ, ಬರುವುದು ಹೇಗೆ? ಒಂದು ಸೋಮವಾರ ಬೆಳಿಗ್ಗೆ ಎಲ್ಲರೂ ಬಂದು ನಿಂತರು. ಬಲಗಡೆಯ ಎಸಳಿನ ಬೆನ್ನಿಗೆ ಗಂಧ ಸವರಿ ಒತ್ತಿದೆ. ಎಡಗಡೆಯದನ್ನು ನೀರು ಸುರಿಯುತ್ತಿರುವಾಗಲೇ ತೇಲಿಸಿಟ್ಟೆ. "ತಮ್ಮನಿಗೆ ನನ್ನ ಮೈಯ ಭಾಗ ಕೊಡಬಹುದು ಅಂದ್ರೆ ಬಲಕ್ಕೆ ಕೊಡು, ಬೇಡ ಅಂದ್ರೆ ಎಡಕ್ಕೆ ಕೊಡು ಸ್ವಾಮಿ" ಎಂದು ಕೇರಿಗೆಲ್ಲ ಕೇಳುವಂತೆ ಕೂಗಿದೆ. ಕೂಗಿ ಮುಗಿಯುವಷ್ಟರಲ್ಲಿ ಎಡಗಡೆಯದು ಜಾರಿ ಬಿತ್ತು.

ಲಲಿತಾ ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಳು. ನಾನು ತಲೆ ತಗ್ಗಿಸಿದೆ. ಜಟ್ಟಪ್ಪ ಎದ್ದು ಬಂದು ನನ್ನ ಭುಜ ಹಿಡಿದ. "ನೀ ಎಂತಕ್ಕೆ ಬೇಜಾರ ಮಾಡ್ಕಂತೆ ಅಣ್ಣಾ? ನೀ ಕೊಡುಕೆ ತಯಾರಿದ್ದೆ, ಅಷ್ಟು ಸಾಕು. ದೇವ್ರಿಗೆ ಮನಸ್ಸಿಲ್ಲ ಅಂದ್ರೆ ನಾವು ಎಂತ ಮಾಡುಕಾತದೆ?" ಎಂದ. ನನ್ನನ್ನು ಅವನು ಸಮಾಧಾನ ಮಾಡಿದ! ಅಂದು ಮಧ್ಯಾಹ್ನ ನಾನು ಹೊಟ್ಟೆ ತುಂಬ ಉಂಡೆ. ಇದನ್ನೂ ಬರೆದುಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಆಮೇಲೆ ಕೆಲವು ತಿಂಗಳು ಕಳೆದವು. ಟೆಂಪೋ ಬೇರೆಯವರ ಕೈಗೆ ಹೋಯಿತು. ಒಂದು ದಿನ ಲಲಿತಾಳಿಗೆ ಜ್ವರವೆಂದು ಡಯಾಲಿಸಿಸ್‌ಗೆ ಅವನ ಜೊತೆ ನಾನು ಹೋದೆ. ಪಕ್ಕದ ಮಂಚ ಖಾಲಿಯಿತ್ತು. ಭಟ್ಕಳದ ಆ ಮುದುಕರು ತೀರಿಕೊಂಡು ಎರಡು ದಿನವಾಗಿದೆ ಎಂದು ನರ್ಸಮ್ಮ ಹೇಳಿದರು. ಜಟ್ಟಪ್ಪ ಆ ದಿನ ತಮಾಷೆ ಮಾಡಲಿಲ್ಲ. ಖಾಲಿ ಮಂಚದ ಕಡೆ ನೋಡುತ್ತಾ ಮೆಲ್ಲಗೆ ಹೇಳಿದ: "ಅಣ್ಣಾ, ಒಂದ್ ಚೊಂಬು ನೀರು ಗಟಗಟ ಅಂತ ಕುಡೂಕೆ ಆಸೆ ಮರಾಯಾ. ಮತ್ತೆಂತದೂ ಬ್ಯಾಡ."

ಆ ಕಾಯಿಲೆಯವರಿಗೆ ನೀರು ಹೆಚ್ಚು ಕೊಡುವಂತಿಲ್ಲ. ಒಳಗೆ ಹೋದದ್ದು ಹೊರಗೆ ಹೋಗಲು ದಾರಿಯಿಲ್ಲ. ದಿನಕ್ಕೆ ಇಷ್ಟೇ ಎಂದು ಅಳೆದು ಲಲಿತಾ ಲೋಟಕ್ಕೆ ಹಾಕುತ್ತಿದ್ದಳು. ಬೇಸಿಗೆಯಲ್ಲಿ ಅವನು ತುಟಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂರುತ್ತಿದ್ದ.

ಮಾರನೇ ದಿನ ಬೆಳಿಗ್ಗೆ ಬಾವಿಯಿಂದ ಕೊಡ ತುಂಬಿ ತಂದು ಜಟಗನ ತಲೆಯ ಮೇಲೆ ಎತ್ತಿದೆ. ಕೈ ಅಲ್ಲೇ ನಿಂತಿತು. ಕೇಳದ ಕಲ್ಲಿಗೆ ಕೊಡಗಟ್ಟಲೆ ಎರೆಯುತ್ತೇನೆ, ಅದೇ ಹೆಸರಿನ ತಮ್ಮ ಒಂದು ಚೊಂಬಿಗೆ ಬಾಯಿ ಬಿಡುತ್ತಾನೆ. ಕೊಡ ಕೆಳಗಿಟ್ಟು ಅಲ್ಲೇ ಕೂತು ಅತ್ತೆ. ಸತ್ತರೆ ಸಾಯುತ್ತೇನೆ, ಕೊಟ್ಟುಬಿಡುತ್ತೇನೆ ಎಂದು ಆಗ ನಿಶ್ಚಯಿಸಿದೆ. ಈ ಮಾತು ಖರೆ. ಆದರೆ ನಿಜ ಹೇಳಿಬಿಡುವ ಧೈರ್ಯ ಆಗಲೂ ಬರಲಿಲ್ಲ. ಹೇಗೆ ಬೀಳಿಸಿದೆನೋ ಹಾಗೇ ಎತ್ತಿದರಾಯಿತು, ಬೆರಳಿನ ಕೆಲಸ ಬೆರಳೇ ಸರಿ ಮಾಡಲಿ ಎಂದುಕೊಂಡೆ.

ತಪ್ಪುಕಾಣಿಕೆ ಇಟ್ಟು ಇನ್ನೊಮ್ಮೆ ಪ್ರಸಾದ ಕೇಳುವ ಪದ್ಧತಿ ನಮ್ಮಲ್ಲಿ ಉಂಟು. ಹಾಗೆ ಮಾಡುವ ಎಂದೆ. ಲಲಿತಾಳ ಮುಖಕ್ಕೆ ಜೀವ ಬಂತು. ಜಟ್ಟಪ್ಪನಿಗೆ ಅಷ್ಟು ಮನಸ್ಸಿರಲಿಲ್ಲ. ಆದರೂ ಬಂದ.

ವಿಚಿತ್ರ ಅನುಭವವೆಂದರೆ ಕತ್ತಲೆ, ಒಂಟಿ ದಾರಿ, ನಾಯಿ ಊಳಿಡುವುದು ಎಂದು ನೀವು ಎಣಿಸಬಹುದು. ನನಗಾದದ್ದು ಬಿಸಿಲು ಚುರುಗುಟ್ಟುವ ಹಗಲಿನಲ್ಲಿ, ಕೇರಿಯವರೆಲ್ಲರ ಮುಂದೆ. ಕಲ್ಲಿನ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ತಮ್ಮ ಕೂತಿದ್ದ. ಪಕ್ಕದಲ್ಲಿ ಲಲಿತಾ, ನನ್ನ ಹೆಂಡತಿ ಮಾದೇವಿ, ಹಿಂದೆ ಅಕ್ಕಪಕ್ಕದ ಮನೆಯವರು. ಈ ಸಲ ಎಡಗಡೆಯ ಎಸಳಿಗೆ ಗಂಧ ದಪ್ಪವಾಗಿ ಸವರಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು ಅಂಟಿಸಿದೆ. ಬಲಗಡೆಯದನ್ನು ನೀರು ತೊಟ್ಟಿಕ್ಕುತ್ತಿರುವಂತೆಯೇ ಸುಮ್ಮನೆ ತಾಗಿಸಿದೆ. ಅದು ಒಂದು ಉಸಿರಿನಷ್ಟು ಹೊತ್ತೂ ನಿಲ್ಲಬಾರದು. ಅಷ್ಟು ವರ್ಷ ಮಾಡಿದವನ ಮಾತು ಇದು.

ಅದು ನಿಂತಿತು. ಕೂಗಿ ಕೇಳಿದೆ, ಕೈಮುಗಿದೆ, ನಿಂತೇ ಇತ್ತು. ನೀರೆಲ್ಲ ಇಳಿದು ಕಲ್ಲು ಆರಿತು. ಕಡಲ ಕಡೆಯಿಂದ ಗಾಳಿ ಬೀಸಿ, ಕಲ್ಲಿನ ನೆತ್ತಿಯ ಮೇಲಿಟ್ಟ ಹೂವುಗಳೆಲ್ಲ ಉದುರಿ ನೆಲಕ್ಕೆ ಬಿದ್ದವು. ಬರೀ ತಾಗಿಸಿಟ್ಟ ಆ ಒಂದು ಎಸಳಿನ ಅಂಚು ಕೂಡ ಅಲುಗಲಿಲ್ಲ. "ಕೊಡು ಸ್ವಾಮಿ, ಕೊಡು" ಎಂದು ನಾನು ಬೇಡಿದೆ. ಜೀವಮಾನದಲ್ಲಿ ಮೊದಲ ಸಲ ಆ ಕಲ್ಲಿನ ಮುಂದೆ ನಿಜವಾಗಿ ಬೇಡಿದೆ. ಆಗ ಎಡಗಡೆಯದು ಬಿತ್ತು. ಜಾರಲಿಲ್ಲ. ಯಾರೋ ಉಗುರಿನಿಂದ ಬಿಡಿಸಿ ಬಿಟ್ಟ ಹಾಗೆ ಕಲ್ಲಿನಿಂದ ಕಳಚಿ ಕೆಳಗೆ ಬಿತ್ತು.

ಲಲಿತಾಳ ಅಳು ಕೇಳಿದ್ದೇ ನನಗೆ ತಡೆಯದಾಯಿತು. "ಇಲ್ಲ! ಮೊದಲನೇ ಸಲ ಬಿದ್ದದ್ದು ದೇವ್ರು ಕೊಟ್ಟದ್ದಲ್ಲ, ನಾ ಬೀಳ್ಸಿದ್ದು. ನಂಗೆ ಹೆದ್ರಿಕೆಯಾಗಿತ್ತು. ಇವತ್ತೂ ಗಂಧ ಹಚ್ಚೇ ಅಂಟ್ಸಿದ್ದೆ. ನೋಡಿ, ಬೇಕಾದ್ರೆ ನೋಡಿ!" ಎಂದು ಬಿದ್ದ ಎಸಳನ್ನು ಎತ್ತಿ ಮಗುಚಿ ತೋರಿಸಿದೆ.

ಅದರ ಬೆನ್ನಲ್ಲಿ ಗಂಧವಿರಲಿಲ್ಲ. ಹುಡುಕಿದೆ. ಕಲ್ಲನ್ನು ಅಂಗೈಯಿಂದ ಸವರಿದೆ. ಕಲ್ಲಿನ ಮೇಲೂ ಇರಲಿಲ್ಲ. ಈಗಷ್ಟೇ ಕೊಯ್ದ ಹೂವಿನ ಎಸಳಿನಷ್ಟು ಚೊಕ್ಕವಾಗಿತ್ತು ಅದು. ನನ್ನ ಬೆರಳಿನಲ್ಲಿ ಮಾತ್ರ ಗಂಧವಿತ್ತು. ಆದರೆ ಪೂಜೆ ಮಾಡುವವನ ಬೆರಳಿನಲ್ಲಿ ಗಂಧವಿದ್ದರೆ ಅದು ಯಾವುದಕ್ಕೆ ಸಾಕ್ಷಿ?

"ಇವ್ರಿಗೆ ತಮ್ಮನ ಚಿಂತೇಲಿ ತಲೆ ಕೆಟ್ಟದೆ" ಎಂದು ಮಾದೇವಿ ನನ್ನ ಕೈ ಹಿಡಿದು ಎಳೆದಳು. ನಾನು ಕೊಸರಿಕೊಂಡು ತಮ್ಮನ ಕುರ್ಚಿಯ ಮುಂದೆ ಕೂತು, ಅವನ ಬಾತ ಕಾಲು ಹಿಡಿದುಕೊಂಡು ಮತ್ತೆ ಅದನ್ನೇ ಹೇಳಿದೆ. ಅವನು ನನ್ನನ್ನೇ ನೋಡಿದ. ಆಮೇಲೆ ನಕ್ಕ.

"ಅಣ್ಣಾ, ನಿಂಗೆ ಸುಳ್ಳು ಹೇಳೂಕೆ ಬರೂದಿಲ್ಲ. ಸಣ್ಣಕ್ಕಿರ್ಬೇಕಾರೂ ಹಿಂಗೇ ಸಿಕ್ಕಿಬೀಳ್ತಿದ್ದೆ."

"ಸುಳ್ಳಲ್ಲಾ ಮರಾಯಾ! ಅಪ್ಪನಾಣೆ!"

"ಆಣೆ ಬ್ಯಾಡ. ನನ್ನ ಉಳ್ಸುಕೆ ನೀ ದೇವ್ರ ಮೇಲೂ ಸುಳ್ಳು ಹೇಳ್ತೆ ಅಂದ್ರೆ ನಂಗೆ ಗೊತ್ತಾತು. ಎರಡು ಸಲ ಬ್ಯಾಡ ಅಂದದೆ ಅದು. ನೀ ಮೇಜಿನ ಮೇಲೆ ಹೋದ್ರೆ ಅತ್ತಿಗೆಗೆ ನಾ ಎಂತ ಹೇಳೂದು? ನಮ್ಮನೆಗೆ ಒಂದು ಹೆಣ ಸಾಕು, ಎರಡು ಬ್ಯಾಡ."

ಅವನು ಒಪ್ಪಲಿಲ್ಲ. ಎಷ್ಟು ಬೇಡಿದರೂ ಒಪ್ಪಲಿಲ್ಲ. ನಾನು ಒಬ್ಬನೇ ಮಂಗಳೂರಿಗೆ ಹೋಗಿ ಆ ಡಾಕ್ಟರಮ್ಮನ ಮುಂದೆ ನಿಂತು, ನಾನು ತಯಾರಿದ್ದೇನೆ, ಹೇಗಾದರೂ ಮಾಡಿ ಎಂದೆ. ತೆಗೆದುಕೊಳ್ಳುವವರು ಒಪ್ಪದೆ ಏನೂ ಮಾಡುವಂತಿಲ್ಲ, ಅವರನ್ನು ಒಪ್ಪಿಸಿ ಕರೆದುಕೊಂಡು ಬನ್ನಿ ಎಂದರು. ಅವರು ಹೇಳಿದ್ದು ಸರಿಯೇ. ಫೋನಿನಲ್ಲಿ ಅವರೂ ಅವನಿಗೆ ಬಹಳ ತಿಳಿಸಿ ಹೇಳಿದರು. ಎಲ್ಲದಕ್ಕೂ ಹೂಂ ಎನ್ನುತ್ತಿದ್ದ, ಹೋಗುವ ದಿನ ಹೊರಡುತ್ತಿರಲಿಲ್ಲ. ನನ್ನ ಬೆರಳು ಹೇಳಿದ ಸುಳ್ಳನ್ನು ಅವನು ನಂಬಿದ, ನನ್ನ ಬಾಯಿ ಹೇಳಿದ ಸತ್ಯವನ್ನು ನಂಬಲಿಲ್ಲ.

ಆ ದಿನ ಬಲಗಡೆಯಲ್ಲಿ ಉಳಿದ ಎಸಳು ಮಾರನೇ ಬೆಳಿಗ್ಗೆಯೂ ಅಲ್ಲೇ ಇತ್ತು. ಬಾಡಿ ಕಪ್ಪಾಗಿತ್ತು. ನಾನು ಅದನ್ನು ಕೆರೆದು ತೆಗೆಯಬೇಕಾಯಿತು. ಇದಕ್ಕೆ ನಾನೇ ನೂರು ಕಾರಣ ಹುಡುಕಿದ್ದೇನೆ. ಗಾಬರಿಯಲ್ಲಿ ಎಡ ಬಲ ತಪ್ಪಿದೆನೇ? ತಪ್ಪಿದ್ದರೆ ಎಡಗಡೆಯದು ಆಗಲೇ ಜಾರಬೇಕಿತ್ತು, ಅಷ್ಟು ಹೊತ್ತು ನಿಂತದ್ದು ಹೇಗೆ? ಗಂಧ ಸವರಿದ್ದೇ ನನ್ನ ಭ್ರಮೆಯೇ? ಹೆಬ್ಬೆರಳಿನಿಂದ ಒತ್ತಿದ್ದು, ಅಂಚಿನಿಂದ ಗಂಧ ಹೊರಗೆ ಬಂದದ್ದು, ಅದನ್ನು ಕಿರುಬೆರಳಿನಿಂದ ಒರೆಸಿದ್ದು, ಎಲ್ಲ ಈಗಲೂ ಕಣ್ಣಿಗೆ ಕಟ್ಟಿದೆ. ದೇವರೇ ಮಾಡಿದ್ದು ಎಂದುಕೊಂಡರೆ ಇನ್ನೂ ಕಷ್ಟ. ನನಗೆ ಶಿಕ್ಷೆ ಕೊಡಬೇಕಿದ್ದರೆ ನನಗೇ ಕೊಡಬಹುದಿತ್ತಲ್ಲ. ಏನೂ ತಿಳಿಯದ ಅವನ ಜೀವದಿಂದ ಯಾಕೆ ವಸೂಲು ಮಾಡಬೇಕು? ಅಂಥ ದೇವರನ್ನು ನಂಬಲಿಕ್ಕೂ ಆಗಲಿಲ್ಲ, ನಂಬದೆ ಇರಲಿಕ್ಕೂ ಆಗಲಿಲ್ಲ. ಪೂಜೆ ಬಿಟ್ಟೆ. ಈಗ ದಾಯಾದಿಗಳು ಮಾಡುತ್ತಾರೆ.

ಜಟ್ಟಪ್ಪ ಮುಂದಿನ ವರ್ಷ ತೀರಿಕೊಂಡ. ಹೃದಯ ಸೋತಿತು ಎಂದರು. ಬೆಳಗಿನ ಚಹಾದ ಹೊತ್ತಿಗೆ ಮನೆಯಲ್ಲೇ ಹೋದ. ನಾನು ಓಡಿ ಹೋಗುವಷ್ಟರಲ್ಲಿ ಲಲಿತಾ ಅಳುತ್ತಲೇ ಯಾರಿಗೋ ಫೋನು ಮಾಡಿಸುತ್ತಿದ್ದಳು. ಕಣ್ಣು ಕೊಡಬೇಕೆಂದು ಅವನು ಹೇಳಿಟ್ಟಿದ್ದನಂತೆ. ಬೇರೆ ಯಾವುದೂ ಉಪಯೋಗಕ್ಕೆ ಬಾರದಿದ್ದರೂ ಕಣ್ಣು ಬರುತ್ತದೆ, ಡ್ರೈವರನ ಕಣ್ಣು, ರಾತ್ರಿ ಹೈವೇಯಲ್ಲೂ ಚೆನ್ನಾಗಿ ಕಾಣುತ್ತಿತ್ತು ಎಂದು ನಗಾಡಿದ್ದನಂತೆ. ಕುಮಟೆಯಿಂದ ಕಣ್ಣಿನ ಡಾಕ್ಟರು ಹೊರಟಿದ್ದಾರೆ, ಅವರು ಬರುವವರೆಗೆ ರೆಪ್ಪೆ ಮುಚ್ಚಿ ಒದ್ದೆ ಬಟ್ಟೆ ಹಾಕಿಡಬೇಕು ಎಂದಿದ್ದರು. ಆ ಬಟ್ಟೆ ಒದ್ದೆ ಮಾಡುತ್ತಾ ಕೂತವನು ನಾನು.

ನೆರೆದವರಲ್ಲಿ ಹಿರಿಯರೊಬ್ಬರಿಗೆ ಇದು ಸರಿ ಕಾಣಲಿಲ್ಲ. ಕಣ್ಣಿಲ್ಲದ ಹೆಣ ಸುಡುವುದು ಹೇಗೆ, ಮುಂದಿನ ಜನ್ಮಕ್ಕೆ ಕುರುಡನಾದರೆ ಏನು ಗತಿ ಎಂದು ಗೊಣಗಿದರು. "ಪೂಜೆ ಬಿಟ್ರೂ ಅಣ್ಣ ಹೆಂಗೂ ಇಲ್ಲೇ ಇದ್ದಾನೆ. ಒಂದ್ ಪ್ರಸಾದ ಕೇಳೇ ಕೊಡಿ" ಎಂದರು. ನಾನು ಬಟ್ಟೆಯನ್ನು ಮತ್ತೊಮ್ಮೆ ನೀರಿಗೆ ಅದ್ದಿದೆ.

ಲಲಿತಾ ಅಳು ನಿಲ್ಲಿಸಿದಳು. "ಬ್ಯಾಡ. ಅವ್ರು ಅದ್ನೂ ಹೇಳಿಟ್ಟಾರೆ. ಇದ್ಕೆ ಮಾತ್ರ ಬಾವನ ಹತ್ರ ಎಸಳು ಹಚ್ಸೂದು ಬ್ಯಾಡ ಅಂತ."

ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ಕುಮಟೆಯವರು ಬಂದರು, ತಮ್ಮ ಕೆಲಸ ಮುಗಿಸಿ ಕೈಮುಗಿದು ಹೋದರು. ಜಟ್ಟಪ್ಪನ ಮುಖದಲ್ಲಿ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ, ನಿದ್ದೆ ಮಾಡಿದ ಹಾಗೇ ಇತ್ತು. ಎಲ್ಲೋ ಇಬ್ಬರಿಗೆ ಬೆಳಕು ಬಂದಿರಬಹುದು. ನಮಗೆ ಯಾರೆಂದು ಹೇಳುವ ಪದ್ಧತಿಯಿಲ್ಲ.

ಇದೆಲ್ಲ ಆಗಿ ವರ್ಷಗಳಾದವು. ನಮ್ಮ ಊರಿನಲ್ಲಿ ನನ್ನ ಬಗ್ಗೆ ಈಗಲೂ ಒಂದು ಮಾತಿದೆ. ತಮ್ಮನನ್ನು ಉಳಿಸಲು ದೇವರ ಮುಂದೆ ತನ್ನ ಮೇಲೆ ತಾನೇ ಕಳಂಕ ಹಾಕಿಕೊಂಡ ಅಣ್ಣ ಎಂದು. ಅಣ್ಣತಮ್ಮಂದಿರು ಜಗಳವಾಡಿದರೆ ನನ್ನನ್ನು ತೋರಿಸಿ ಬುದ್ಧಿ ಹೇಳುತ್ತಾರೆ. ನಾನು ತಿದ್ದಲು ಹೋದಷ್ಟೂ ಅವರ ಕಣ್ಣಿನಲ್ಲಿ ಇನ್ನೂ ದೊಡ್ಡವನಾಗುತ್ತೇನೆ. ಅದಕ್ಕೇ ಕಡೆಗೆ ಬರೆಯಲು ಕೂತೆ. ಓದಿದ ನೀವಾದರೂ ನಂಬಿ.

ಜಟ್ಟಪ್ಪ ಹೇಳಿಟ್ಟದ್ದರ ಅರ್ಥವೇನು? ಸತ್ತ ಮೇಲೂ ಅಣ್ಣನಿಗೆ ಕಷ್ಟ ಬೇಡ ಎಂದಿರಬಹುದು. ಹೊತ್ತು ಮೀರಿದರೆ ಕಣ್ಣು ಹಾಳಾಗುತ್ತದೆ ಎಂದಿರಬಹುದು. ಅಥವಾ ಅವನಿಗೆ ಎಲ್ಲ ಗೊತ್ತಿತ್ತೇ? ಕುರ್ಚಿಯಲ್ಲಿ ಕೂತು ನನ್ನನ್ನು ನೋಡಿ ನಕ್ಕಾಗಲೇ ಗೊತ್ತಿತ್ತೇ? ಗೊತ್ತಿದ್ದೂ, ಹೆದರಿದವನ ಮೈಯಿಂದ ಏನೂ ಬೇಡವೆಂದು ನನ್ನನ್ನು ಬಿಟ್ಟುಬಿಟ್ಟನೇ? ಹಾಗಿದ್ದರೆ ಅವನು ನನ್ನನ್ನು ಕ್ಷಮಿಸಿದ್ದು, ಅದೂ ಆ ಕ್ಷಮೆಯ ಭಾರ ನನ್ನ ಮೇಲೆ ಬೀಳದ ಹಾಗೆ.

ಲಲಿತಾ ಅದೇ ಮನೆಯಲ್ಲಿದ್ದಾಳೆ. ಹಬ್ಬಕ್ಕೆ ಹೋದರೆ ಬಾವ ಎಂದು ಮಣೆ ಹಾಕುತ್ತಾಳೆ, ಬಡಿಸುತ್ತಾಳೆ. ಅವನು ಅದನ್ನು ಹೇಗೆ ಹೇಳಿದ, ಹೇಳುವಾಗ ಅವನ ಮುಖ ಹೇಗಿತ್ತು ಎಂದು ಕೇಳಿದರೆ ಅವಳು ಹೇಳಿಯಾಳು. ಎಷ್ಟೋ ಸಲ ಬಾಯಿಯವರೆಗೆ ಬಂದಿದೆ. ನಾನು ಇಂದಿಗೂ ಕೇಳಿಲ್ಲ.